ಆಹಾರದಲ್ಲಿರುವ ಹಾನಿಕಾರಕ ಬ್ಯಾಕ್ಟೀರಿಯಾ ಬದುಕಿದೆಯೇ, ಸತ್ತಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಪೆಯ ಮೀನು ವ್ಯಾಪಾರಿಗಳು, ಹಾಲಿನ ಡೇರಿಗಳ ಕಾರ್ಯದರ್ಶಿಗಳು, ಉಡುಪಿ ಮತ್ತು ಮಂಗಳೂರಿನ ಹೋಟೆಲಿನವರು, ಕಾಲೇಜು ವಿದ್ಯಾರ್ಥಿಗಳು ತರಬೇತಿಯ ಬಿಡುವಿನಲ್ಲಿ, ಪತ್ರಗಳಲ್ಲಿ, ಕೆಲವೊಮ್ಮೆ ಮೀನು ಮಾರುಕಟ್ಟೆಯಲ್ಲೇ ನಿಲ್ಲಿಸಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಮೊದಲಿನವು ಅಡುಗೆಮನೆಗೆ ಸೇರಿದವು, ಕೊನೆಯವು ಪ್ರಯೋಗಾಲಯಕ್ಕೆ ಸೇರಿದವು. ತಮಗೆ ಬೇಕಾದ ಒಂದನ್ನಷ್ಟೇ ಓದಿದರೂ ಉತ್ತರ ಅರ್ಥವಾಗುವಂತೆ ಬರೆದಿದ್ದೇನೆ.

## ಅಡುಗೆಮನೆಯ ಪ್ರಶ್ನೆಗಳು

ಬ್ಯಾಕ್ಟೀರಿಯಾ ಸತ್ತಿದೆಯೋ ಬದುಕಿದೆಯೋ ಎಂದು ಹೇಳುವುದು ಅಷ್ಟು ಕಷ್ಟವಾ?

ಕಷ್ಟವೇ. ಬುಟ್ಟಿಯಲ್ಲಿರುವ ಏಡಿಗೆ ಜೀವವಿದೆಯೇ ಎಂದು ತಿಳಿಯಲು ಕಡ್ಡಿಯಿಂದ ಮುಟ್ಟಿದರೆ ಸಾಕು. ಬ್ಯಾಕ್ಟೀರಿಯಾವನ್ನು ಹಾಗೆ ಮುಟ್ಟಿ ನೋಡುವ ಉಪಾಯವಿಲ್ಲ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಅಗಲದ ಆ ಕೋಶವು ಸತ್ತ ಮೇಲೂ ಸೂಕ್ಷ್ಮದರ್ಶಕದಡಿ ಬಹಳ ಹೊತ್ತು ಬದುಕಿದ್ದಾಗ ಕಂಡಂತೆಯೇ ಕಾಣುತ್ತದೆ. ಆದ್ದರಿಂದ ಅದಕ್ಕೆ ಸುತ್ತುಬಳಸಿ ಪ್ರಶ್ನೆ ಹಾಕಬೇಕಾಗುತ್ತದೆ. ಒಂದಿದ್ದದ್ದು ಎರಡಾಗುತ್ತದೆಯೇ? ಮೈಸುತ್ತಲಿನ ಪೊರೆ ಹರಿಯದೆ ಉಳಿದಿದೆಯೇ? ತಿನ್ನುವ, ಉಸಿರಾಡುವ ಕೆಲಸ ಒಳಗೆ ನಡೆಯುತ್ತಿದೆಯೇ? ಸಾವು-ಬದುಕನ್ನು ಬೇರ್ಪಡಿಸುವ ವಿಧಾನಗಳೆಲ್ಲ ಹೆಚ್ಚುಕಡಿಮೆ ಈ ಮೂರರಲ್ಲಿ ಒಂದನ್ನು ಕೇಳುತ್ತವೆ. ಒಂದೇ ಬ್ಯಾಕ್ಟೀರಿಯಾ ಮೂರಕ್ಕೂ ಒಂದೇ ಉತ್ತರ ಕೊಡುತ್ತದೆ ಎಂಬ ಖಾತ್ರಿಯಿಲ್ಲ. ಎರಡು ಪ್ರಯೋಗಾಲಯಗಳ ವರದಿಗಳು ಪರಸ್ಪರ ತಾಳೆಯಾಗದಿದ್ದಾಗ ಮೊದಲು ವಿಚಾರಿಸಬೇಕಾದದ್ದು ಯಾರು ಯಾವ ಪ್ರಶ್ನೆ ಕೇಳಿದ್ದರು ಎಂಬುದನ್ನು.

ಚೆನ್ನಾಗಿ ಬೇಯಿಸಿದರೆ ಎಲ್ಲ ಸಾಯುತ್ತದಲ್ಲ, ಮತ್ತೆ ಈ ಪರೀಕ್ಷೆ ಯಾರಿಗೆ ಬೇಕು?

ಮನೆಯಲ್ಲಿ ಕುದಿಸಿ, ಬಿಸಿಯಾಗಿರುವಾಗಲೇ ಬಡಿಸುವ ಸಾರಿಗೆ ಬೇಡ. ಆದರೆ ಬೇಯಿಸಿದ ಮೇಲೆ ಕೈಯಿಂದ ಸುಲಿದು ಹೆಪ್ಪುಗಟ್ಟಿಸುವ ಸಿಗಡಿ, ಬೇಯಿಸದೆಯೇ ರುಬ್ಬುವ ಕಾಯಿ ಚಟ್ನಿ, ಗಡ್‌ಬಡ್ ಐಸ್‌ಕ್ರೀಮಿನ ಮೇಲೆ ಹಾಕುವ ಹೆಚ್ಚಿದ ಹಣ್ಣು ಇವೆಲ್ಲ ನೇರವಾಗಿ ಬಾಯಿಗೆ ಹೋಗುವ ಪದಾರ್ಥಗಳು. ಲಿಸ್ಟೀರಿಯಾ ಮೊನೊಸೈಟೊಜೀನ್ಸ್ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ 4 ಡಿಗ್ರಿ ಚಳಿಯಲ್ಲಿಯೂ ನಿಧಾನವಾಗಿ ಬೆಳೆಯುತ್ತದೆ, ಗರ್ಭಿಣಿಯರಿಗೆ ಅದು ವಿಶೇಷವಾಗಿ ಅಪಾಯಕಾರಿ. ಕಾರ್ಖಾನೆಯವರಿಗೆ ಇನ್ನೊಂದು ಕಾರಣವೂ ಇದೆ: ತಾವು ಕೊಟ್ಟ ಶಾಖ ಕೆಲಸ ಮಾಡಿತೇ ಎಂಬುದು ಅವರಿಗೆ ತಿಳಿಯಬೇಕು. ಶಾಖ ಕೊಟ್ಟ ಆಹಾರದಲ್ಲಿ ಸತ್ತ ಕೋಶಗಳು ಇದ್ದೇ ಇರುತ್ತವೆ. ಅವುಗಳ ನಡುವೆ ಬದುಕಿ ಉಳಿದ ನಾಲ್ಕಾರನ್ನು ಹುಡುಕುವುದೇ ಅಲ್ಲಿನ ಕೆಲಸ.

ಸತ್ತ ಬ್ಯಾಕ್ಟೀರಿಯಾದಿಂದ ತೊಂದರೆ ಉಂಟಾ?

ಸತ್ತದ್ದರಿಂದ ಸೋಂಕು ತಗಲುವುದಿಲ್ಲ. ಆದರೆ ಸಾಯುವ ಮೊದಲು ಅದು ಆಹಾರದಲ್ಲಿ ಬಿಟ್ಟುಹೋದ ವಿಷದಿಂದ ತೊಂದರೆ ಉಂಟು, ಮತ್ತು ಕರಾವಳಿಯ ಊಟದ ಮಟ್ಟಿಗೆ ಈ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಅನ್ನವನ್ನೇ ತೆಗೆದುಕೊಳ್ಳಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಸ್ಪೋರ್‌ಗಳು, ಎಂದರೆ ಗಟ್ಟಿ ಕವಚದೊಳಗೆ ನಿದ್ರಿಸುವ ಅದರ ರೂಪಗಳು, ಅಕ್ಕಿಯಲ್ಲಿ ಸಹಜವಾಗಿ ಇರುತ್ತವೆ ಮತ್ತು ಕುದಿಯುವ ನೀರಿನಲ್ಲಿಯೂ ಉಳಿದುಕೊಳ್ಳುತ್ತವೆ. ಸಮಾರಂಭಕ್ಕೆಂದು ಬೆಳಿಗ್ಗೆ ಬೇಯಿಸಿದ ದೊಡ್ಡ ಕೊಪ್ಪರಿಗೆಯ ಅನ್ನ ಮಧ್ಯಾಹ್ನದವರೆಗೆ ನಡುವಿನಲ್ಲಿ ಬೆಚ್ಚಗೇ ಉಳಿದರೆ ಅವು ಮೊಳೆತು ಬೆಳೆದು, ಸೆರುಲೈಡ್ ಎಂಬ ವಾಂತಿಕಾರಕ ವಿಷವನ್ನು ತಯಾರಿಸಬಲ್ಲವು. ಆ ವಿಷ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ನಾಶವಾಗುವುದಿಲ್ಲ. ಸಂಜೆ ಅದೇ ಅನ್ನಕ್ಕೆ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿದರೆ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಸಾಯುವುದಿಲ್ಲ. ಬರಿಗೈಯಿಂದ ಸಿಹಿತಿಂಡಿಗೆ ಸೇರುವ ಸ್ಟ್ಯಾಫಿಲೋಕಾಕಸ್ ಆರಿಯಸ್‌ನ ವಿಷವೂ ಕುದಿತಕ್ಕೆ ಜಗ್ಗುವುದಿಲ್ಲ.

ಮೂರನೆಯದು ಬಂಗುಡೆ. ಬಂಗುಡೆ, ಬೂತಾಯಿ, ಕೇದರ ಮುಂತಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಹೇರಳವಾಗಿದೆ. ಐಸ್ ಹಾಕದೆ ದೋಣಿಯಲ್ಲಿಯೋ ಧಕ್ಕೆಯ (ಮೀನು ಇಳಿಸುವ ಕಟ್ಟೆಯ) ಬಿಸಿಲಿನಲ್ಲಿಯೋ ಬಿಟ್ಟಾಗ ಮಾರ್ಗನೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಅನಂತರ ಐಸ್ ಹಾಕಿದರೂ, ಮಸಾಲೆ ಹಚ್ಚಿ ಕಾವಲಿಯಲ್ಲಿ ಹುರಿದರೂ, ಡಬ್ಬಿಯಲ್ಲಿ ತುಂಬಿ ಕುದಿಸಿದರೂ ಹಿಸ್ಟಮಿನ್ ಅಲ್ಲಿಯೇ ಇರುತ್ತದೆ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ, ತಲೆನೋವು ಬಂದು, ಮೈ ತುರಿಸುತ್ತದೆ. ಮನೆಯವರು ಮೀನಿನ ಅಲರ್ಜಿ ಎಂದುಕೊಳ್ಳುತ್ತಾರೆ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಒಂದು ಕಿಲೋ ಮೀನಿನಲ್ಲಿ ಹಿಸ್ಟಮಿನ್ 200 ಮಿಲಿಗ್ರಾಂ ಮೀರಬಾರದು. ಇಂತಹ ಕಡೆ ಬ್ಯಾಕ್ಟೀರಿಯಾ ಬದುಕಿದೆಯೇ ಎಂಬ ಪ್ರಶ್ನೆಯನ್ನು ಬದಿಗಿಟ್ಟು ವಿಷವನ್ನೇ ಅಳೆಯಬೇಕು.

ಪ್ರಯೋಗಾಲಯದವರು ಐದು ದಿನ ಏಕೆ ತೆಗೆದುಕೊಳ್ಳುತ್ತಾರೆ? ಅಷ್ಟರಲ್ಲಿ ಮೀನೇ ಕೊಳೆಯುತ್ತದೆ.

ಬ್ಯಾಕ್ಟೀರಿಯಾ ಬೆಳೆಯುವ ವೇಗಕ್ಕೆ ನಾವು ಕಾಯಬೇಕಾಗಿರುವುದರಿಂದ. ಸಾಲ್ಮೊನೆಲ್ಲಾ ಪರೀಕ್ಷೆಯಲ್ಲಿ 25 ಗ್ರಾಂ ಮಾದರಿಯನ್ನು 225 ಮಿಲಿಲೀಟರ್ ಪೆಪ್ಟೋನ್ ನೀರಿನಲ್ಲಿ ಕಲಸಿ ಸುಮಾರು 18 ಗಂಟೆ ಬೆಚ್ಚಗಿಡುತ್ತಾರೆ. ಚಳಿಯಿಂದಲೋ ಕ್ಲೋರಿನ್‌ನಿಂದಲೋ ಗಾಯಗೊಂಡ ಕೋಶಗಳು ಚೇತರಿಸಿಕೊಳ್ಳುವುದು ಈ ಹಂತದಲ್ಲಿಯೇ. ಇದನ್ನು ಬಿಟ್ಟು ನೇರವಾಗಿ ಕಠಿಣ ಮಾಧ್ಯಮಕ್ಕೆ ಹಾಕಿದರೆ ಬದುಕುವಂಥವೂ ಸಾಯುತ್ತವೆ. ಅನಂತರ ಉಳಿದ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕಿ ಸಾಲ್ಮೊನೆಲ್ಲಾವನ್ನು ಮಾತ್ರ ಮುಂದೆ ಬಿಡುವ ದ್ರವದಲ್ಲಿ ಒಂದು ದಿನ, ಅಗಾರ್ ತಟ್ಟೆಯ ಮೇಲೆ ಇನ್ನೊಂದು ದಿನ, ಕಂಡ ಕಾಲನಿಯು (ಕೋಶಗಳು ಬೆಳೆದು ಕಣ್ಣಿಗೆ ಕಾಣುವಂತಾದ ಚುಕ್ಕೆ) ನಿಜಕ್ಕೂ ಅದೇ ಎಂದು ದೃಢಪಡಿಸಲು ಮತ್ತೆ ಒಂದೆರಡು ದಿನ.

ಈ ಕ್ರಮದ ಬೇರು 1880ರ ದಶಕದಲ್ಲಿದೆ. ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕೋಖ್ ಅವರ ಪ್ರಯೋಗಾಲಯಕ್ಕೆ ಅಗಾರ್ ಬಂದದ್ದು ಫ್ಯಾನಿ ಹೆಸ್ಸೆ ಎಂಬ ಮಹಿಳೆಯ ಅಡುಗೆಮನೆಯಿಂದ. ನಮ್ಮಲ್ಲಿ ಹಲ್ವ, ಜೆಲ್ಲಿಗೆ ಹಾಕುವ ಚೈನಾ ಗ್ರಾಸ್ ಅದೇ ವಸ್ತು. ಮುಚ್ಚಳದ ಗಾಜಿನ ತಟ್ಟೆಯನ್ನು ಪೆಟ್ರಿ ಅವರು 1887ರಲ್ಲಿ ವಿವರಿಸಿದರು. ಅಂದಿನಿಂದ ಇಂದಿನವರೆಗೆ ತಟ್ಟೆಯ ಮೇಲೆ ಬೆಳೆದದ್ದು ಜೀವಂತ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ, ನ್ಯಾಯಾಲಯಗಳೂ ಅದನ್ನು ನಂಬುತ್ತವೆ. ತಟ್ಟೆಯ ಬಲವೂ ಅದೇ, ನಮ್ಮನ್ನು ದಿನಗಟ್ಟಲೆ ಕಾಯುವಂತೆ ಮಾಡುವುದಕ್ಕೆ ಕಾರಣವೂ ಅದೇ.

ಮನೆಯಲ್ಲೇ ಪರೀಕ್ಷಿಸುವ ಕಿಟ್ ಸಿಗುತ್ತದಾ?

ರೋಗಾಣುಗಳ ಮಟ್ಟಿಗೆ ಅಂಥದ್ದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಇದ್ದರೂ ಪರೀಕ್ಷೆಗಾಗಿ ಮನೆಯಲ್ಲಿ ರೋಗಾಣುವನ್ನು ಬೆಳೆಸಬೇಕಾಗುತ್ತದೆ, ಬೆಳೆಸಿದ್ದನ್ನು ಕೊಂದು ವಿಲೇವಾರಿ ಮಾಡುವ ಸೌಕರ್ಯ ಮನೆಯಲ್ಲಿ ಇರುವುದಿಲ್ಲ. ಆ ಹಣದಲ್ಲಿ ಒಂದು ಒಳ್ಳೆಯ ಥರ್ಮಾಮೀಟರ್ ಕೊಂಡು, ಆಹಾರವು 5ರಿಂದ 60 ಡಿಗ್ರಿಗಳ ನಡುವೆ ಹೆಚ್ಚು ಹೊತ್ತು ಉಳಿಯದಂತೆ ನೋಡಿಕೊಳ್ಳುವುದು ಮೇಲು.

## ಡೇರಿ, ಧಕ್ಕೆ, ಹೋಟೆಲು

ಡೇರಿಯಲ್ಲಿ ಹಾಲಿಗೆ ನೀಲಿ ಬಣ್ಣ ಹಾಕಿ ನೋಡುತ್ತಾರೆ. ಅದೂ ಇದೇ ಪರೀಕ್ಷೆಯಾ?

ಹೌದು, ಮತ್ತು ನನ್ನ ಮಟ್ಟಿಗೆ ಇದು ಜೀವಂತ ಬ್ಯಾಕ್ಟೀರಿಯಾವನ್ನು ಕಣ್ಣಿಗೆ ತೋರಿಸುವ ಅತ್ಯಂತ ಅಗ್ಗದ, ಅತ್ಯಂತ ಸುಂದರವಾದ ಪರೀಕ್ಷೆ. ಹತ್ತು ಮಿಲಿಲೀಟರ್ ಹಾಲಿಗೆ ಒಂದು ಮಿಲಿಲೀಟರ್ ಮೆಥಿಲೀನ್ ಬ್ಲೂ ದ್ರಾವಣ ಸೇರಿಸಿ, ಬಿರಡೆ ಹಾಕಿ, ನಳಿಕೆಯನ್ನು ಒಮ್ಮೆ ತಲೆಕೆಳಗು ಮಾಡಿ 37 ಡಿಗ್ರಿಯ ನೀರಿನಲ್ಲಿ ನಿಲ್ಲಿಸುತ್ತಾರೆ. ಆಗ ಹಾಲಿನ ಬಣ್ಣ ತಿಳಿ ಆಕಾಶದಂತಿರುತ್ತದೆ. ಬ್ಯಾಕ್ಟೀರಿಯಾಗಳು ಉಸಿರಾಡುತ್ತಾ ಹಾಲಿನಲ್ಲಿ ಕರಗಿರುವ ಆಮ್ಲಜನಕವನ್ನು ಮುಗಿಸಿದ ಮೇಲೆ ಬಣ್ಣವು ಅಪಕರ್ಷಣೆಗೊಂಡು ಬಿಳಿಯಾಗುತ್ತದೆ. ಹೊರಗಿನ ಗಾಳಿ ತಾಗುವ ಮೇಲ್ತುದಿಯಲ್ಲಿ ಮಾತ್ರ ಉಂಗುರದಂತೆ ತೆಳು ನೀಲಿ ಉಳಿದಿರುತ್ತದೆ. ಹೊಸಬರು ಆ ಉಂಗುರವನ್ನು ಕಂಡು ಪರೀಕ್ಷೆ ಇನ್ನೂ ಮುಗಿದಿಲ್ಲವೆಂದು ಕಾಯುವುದುಂಟು. ಐದು ಗಂಟೆ ಮೀರಿ ನೀಲಿಯಾಗಿಯೇ ಉಳಿದ ಹಸಿ ಹಾಲು ಅತ್ಯುತ್ತಮ, ಅರ್ಧ ಗಂಟೆಯೊಳಗೆ ಬಿಳಿಯಾದದ್ದು ಕಳಪೆ.

ಸತ್ತ ಬ್ಯಾಕ್ಟೀರಿಯಾ ಉಸಿರಾಡುವುದಿಲ್ಲ, ಆದ್ದರಿಂದ ಬಣ್ಣ ಕಳೆಯುವುದಿಲ್ಲ. ಆದರೆ ಬಣ್ಣ ಕಳೆದದ್ದು ರೋಗಾಣುವೋ ಸಾಧು ಬ್ಯಾಕ್ಟೀರಿಯಾವೋ ಎಂಬುದನ್ನು ಈ ಪರೀಕ್ಷೆ ಹೇಳಲಾರದು. ತಣ್ಣಗಾಗಿಸಿ ಇಟ್ಟ ಹಾಲಿನಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳು ಬಣ್ಣವನ್ನು ಬಹಳ ನಿಧಾನವಾಗಿ ಕಳೆಯುವುದರಿಂದ, ಬಲ್ಕ್ ಕೂಲರ್ ಬಂದ ಮೇಲೆ ಈ ಪರೀಕ್ಷೆಯ ಮಾತನ್ನು ಮೊದಲಿನಷ್ಟು ನೆಚ್ಚಿಕೊಳ್ಳುವಂತಿಲ್ಲ.

ಕೌಂಟರಿಗೆ ಕಡ್ಡಿ ಉಜ್ಜಿದರೆ ಅರ್ಧ ನಿಮಿಷದಲ್ಲಿ ನಂಬರ್ ತೋರಿಸುವ ಯಂತ್ರ ಬಂದಿದೆ. ನಂಬಬಹುದಾ?

ತೊಳೆದದ್ದು ಸರಿಯಾಗಿದೆಯೇ ಎಂದು ನೋಡಲು ನಂಬಬಹುದು, ರೋಗಾಣು ಇದೆಯೇ ಎಂದು ಕೇಳಲು ನಂಬಬಾರದು. ಮಿಂಚುಹುಳು ಬೆಳಕು ಬೀರುವ ರಾಸಾಯನಿಕ ಕ್ರಿಯೆಯನ್ನೇ ಈ ಯಂತ್ರವೂ ಬಳಸುತ್ತದೆ. ಜೀವಕೋಶಗಳಲ್ಲಿ ಶಕ್ತಿಯ ನಾಣ್ಯದಂತಿರುವ ಎಟಿಪಿ ಸಿಕ್ಕಿದಾಗ ಲೂಸಿಫರೇಸ್ ಕಿಣ್ವವು ಬೆಳಕು ಕೊಡುತ್ತದೆ, ಯಂತ್ರ ಆ ಬೆಳಕನ್ನು ಅಂಕಿಯಾಗಿ ತೋರಿಸುತ್ತದೆ. ಸತ್ತ ಕೋಶದಲ್ಲಿ ಎಟಿಪಿ ಬೇಗ ಕರಗಿ ಹೋಗುವುದರಿಂದ ತಾತ್ತ್ವಿಕವಾಗಿ ಇದು ಜೀವಂತಿಕೆಯ ಅಳತೆಯೇ. ಆದರೆ ಎಟಿಪಿ ಮೀನಿನ ಮಾಂಸದಲ್ಲಿಯೂ ಇದೆ, ಟೊಮೆಟೊದಲ್ಲಿಯೂ ಇದೆ, ದೋಸೆ ಹಿಟ್ಟಿನಲ್ಲಿಯೂ ಇದೆ. ಅಂಕಿ ಹೆಚ್ಚು ಬಂದರೆ ಅಲ್ಲಿ ಆಹಾರದ ಶೇಷವಿರಬಹುದು ಅಥವಾ ಬ್ಯಾಕ್ಟೀರಿಯಾ ಇರಬಹುದು. ಎರಡೂ ಕಡೆ ಮಾಡಬೇಕಾದ ಕೆಲಸ ಮಾತ್ರ ಒಂದೇ, ಮತ್ತೆ ತೊಳೆಯುವುದು. ಅಂಕಿ ಕಡಿಮೆ ಬಂದರೂ ಹತ್ತಿಪ್ಪತ್ತು ಸಾಲ್ಮೊನೆಲ್ಲಾ ಅಲ್ಲಿ ಕುಳಿತಿರಬಹುದು, ಏಕೆಂದರೆ ಒಂದೊಂದು ಬ್ಯಾಕ್ಟೀರಿಯಾದಲ್ಲಿರುವ ಎಟಿಪಿ ತೀರ ಅಲ್ಪ.

ಮೊಸರು, ಇಡ್ಲಿ ಹಿಟ್ಟಿನಲ್ಲಿ ಕೋಟಿಗಟ್ಟಲೆ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ. ಅದರೊಳಗೆ ಕೆಟ್ಟದ್ದನ್ನು ಹೇಗೆ ಹುಡುಕುತ್ತೀರಿ?

ಅಲ್ಲಿ "ಬದುಕಿದೆಯೇ" ಎಂಬ ಪ್ರಶ್ನೆಗಿಂತ ಮೊದಲು "ಯಾರು" ಎಂಬ ಪ್ರಶ್ನೆ ಬರುತ್ತದೆ. ಉಸಿರಾಟ, ಎಟಿಪಿ, ಮುಂದೆ ಹೇಳಲಿರುವ ಹಸಿರು-ಕೆಂಪು ಬಣ್ಣ ಮುಂತಾದ ಸಾಮಾನ್ಯ ಪರೀಕ್ಷೆಗಳೆಲ್ಲ ಮೊಸರಿನ ಮುಂದೆ ಸೋಲುತ್ತವೆ. ಒಂದೋ ಹುಡುಕುವ ರೋಗಾಣುವನ್ನು ಮಾತ್ರ ಹಿಡಿಯುವ ಪ್ರತಿಕಾಯ ಲೇಪಿಸಿದ ಕಾಂತೀಯ ಮಣಿಗಳಿಂದ ಅದನ್ನು ಸೆಳೆದು ಪ್ರತ್ಯೇಕಿಸಬೇಕು, ಇಲ್ಲವೇ ಆ ರೋಗಾಣುವಿನಲ್ಲಿ ಮಾತ್ರ ಇರುವ ಡಿಎನ್‌ಎ ತುಣುಕನ್ನು ಹುಡುಕಬೇಕು. ಹುಳಿ ಬಂದ ಹಿಟ್ಟಿನ ಆಮ್ಲವೇ ಅನೇಕ ರೋಗಾಣುಗಳನ್ನು ಹತ್ತಿಕ್ಕುತ್ತದೆ ಎಂಬುದು ನಮ್ಮ ಹಿರಿಯರ ಅಡುಗೆಯ ಪುಣ್ಯ.

ಮೀನಿನಲ್ಲಿ, ಮರ್ವಾಯಿಯಲ್ಲಿ (ಚಿಪ್ಪುಮೀನಿನಲ್ಲಿ) ವಿಬ್ರಿಯೊ ಇದೆ ಎಂದು ವರದಿ ಬಂತು. ಇನ್ನು ತಿನ್ನಬಾರದಾ?

ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ಬ್ಯಾಕ್ಟೀರಿಯಾ ಸಮುದ್ರದ, ಅಳಿವೆಯ ಉಪ್ಪುನೀರಿನ ಸಹಜ ನಿವಾಸಿ. ಬೆಚ್ಚಗಿನ ಕರಾವಳಿಯ ಮೀನಿನಲ್ಲಿ ಅದು ಕಂಡರೆ ಆಶ್ಚರ್ಯವಿಲ್ಲ. ಮೊದಲ ಬಾರಿಗೆ ಅದು ಗುರುತಾದದ್ದು 1950ರಲ್ಲಿ ಜಪಾನಿನ ಒಸಾಕಾದಲ್ಲಿ. ಅರೆ ಒಣಗಿಸಿದ ಸಣ್ಣ ಮೀನು ತಿಂದ 272 ಮಂದಿ ಕಾಯಿಲೆ ಬಿದ್ದು 20 ಮಂದಿ ತೀರಿಕೊಂಡ ಘಟನೆಯಲ್ಲಿ. 1996ರಲ್ಲಿ ಕೋಲ್ಕತ್ತದಲ್ಲಿ ಕಾಣಿಸಿಕೊಂಡ ಇದರ ಒಂದು ತಳಿ ಮುಂದೆ ಹಲವು ದೇಶಗಳಿಗೆ ಹರಡಿತು.

ವರದಿಯಲ್ಲಿ ಎರಡು ವಿಷಯಗಳನ್ನು ನೋಡಬೇಕು. ಟಿಸಿಬಿಎಸ್ ಎಂಬ ಅಗಾರ್ ತಟ್ಟೆಯಲ್ಲಿ ಇದರ ಕಾಲನಿಗಳು ಹಸಿರಾಗಿ, ಕಾಲರಾ ವಿಬ್ರಿಯೊದ ಕಾಲನಿಗಳು ಹಳದಿಯಾಗಿ ಕಾಣುತ್ತವೆ. ಹಸಿರು ಕಂಡರೆ ಜೀವಂತವೆಂಬುದು ನಿಶ್ಚಯ. ಆದರೆ ನೀರಿನಲ್ಲಿ, ಮೀನಿನಲ್ಲಿ ಸಿಗುವ ಬಹುಪಾಲು ತಳಿಗಳಲ್ಲಿ ರೋಗ ತರುವ ಟಿಡಿಎಚ್ ಅಥವಾ ಟಿಆರ್‌ಎಚ್ ಜೀನ್ ಇರುವುದಿಲ್ಲ. ಆ ಜೀನ್ ಇದೆಯೇ ಎಂಬುದನ್ನು, ಹುಡುಕುವ ಡಿಎನ್‌ಎ ತುಣುಕನ್ನು ಪದೇ ಪದೇ ನಕಲು ಮಾಡಿ ಪತ್ತೆಹಚ್ಚುವ ಪಿಸಿಆರ್ ವಿಧಾನ ಹೇಳುತ್ತದೆ. ನಮ್ಮ ಕರಾವಳಿಯ ಮೀನು, ಚಿಪ್ಪುಗಳಲ್ಲಿ ಈ ಜೀನ್‌ಗಳನ್ನು ಹುಡುಕುವ ಕೆಲಸದಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್ ಮತ್ತು ಇಡ್ಯ ಕರುಣಾಸಾಗರ್ ಅವರ ತಂಡದ್ದು ದೊಡ್ಡ ಪಾಲು.

ಇನ್ನು ತಿನ್ನುವ ಮಾತು. ಮರ್ವಾಯಿ ಬಾಯಿ ತೆರೆದ ಕೂಡಲೇ ಇಳಿಸದೆ ಪೂರ್ತಿ ಬೇಯಿಸಿ ತಿನ್ನಬಹುದು. ಅನುಕೂಲವಾದ ಶಾಖ ಮತ್ತು ಉಪ್ಪಿನಲ್ಲಿ ಈ ಬ್ಯಾಕ್ಟೀರಿಯಾ ಸುಮಾರು 10 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಲೆಕ್ಕ ಹಾಕಿದರೆ ಒಂದು ಕೋಶ ಎರಡು ಗಂಟೆಯಲ್ಲಿ 4096 ಆಗುತ್ತದೆ. ಹಸಿ ಮೀನು ಕತ್ತರಿಸಿದ ಮಣೆಯ ಮೇಲೆಯೇ ಬೆಂದ ಸಿಗಡಿಯನ್ನು ಸುಲಿಯಬಾರದು ಎಂದು ಹೇಳುವುದು ಇದಕ್ಕಾಗಿಯೇ.

## ಪಿಸಿಆರ್ ಬಂದ ಮೇಲೆ

ಪಿಸಿಆರ್ ಪಾಸಿಟಿವ್, ತಟ್ಟೆಯಲ್ಲಿ ನೆಗೆಟಿವ್. ಯಾವುದು ಸುಳ್ಳು?

ಎರಡೂ ನಿಜವಾಗಿರಬಹುದು. ಪಿಸಿಆರ್ ಕೇಳುವುದು ಡಿಎನ್‌ಎ ಇದೆಯೇ ಎಂದು ಮಾತ್ರ, ಮತ್ತು ಬ್ಯಾಕ್ಟೀರಿಯಾ ಸತ್ತ ಎಷ್ಟೋ ದಿನಗಳವರೆಗೆ ಅದರ ಡಿಎನ್‌ಎ ಆಹಾರದಲ್ಲಿ ಉಳಿಯಬಲ್ಲದು.

ಈ ಪಾಠವನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಬೇಯಿಸಿ ಹೆಪ್ಪುಗಟ್ಟಿಸಿದ ಸಿಗಡಿಯ ಒಂದು ಮಾದರಿ ನಮ್ಮ ಪ್ರಯೋಗಾಲಯದ ಬೆಂಚಿಗೆ ಬಂದಿತ್ತು. ವ್ಯಾಪಾರಿಗೆ ಅವಸರ, ನನಗೆ ಹೊಸ ಯಂತ್ರದ ಮೋಹ. ಮಾದರಿಯಿಂದ ನೇರವಾಗಿ ಡಿಎನ್‌ಎ ತೆಗೆದು ಪಿಸಿಆರ್ ಹಾಕಿದೆ. ಸಾಲ್ಮೊನೆಲ್ಲಾದ ರೇಖೆ ಮೇಲಕ್ಕೆದ್ದಿತು. "ಸಾಲ್ಮೊನೆಲ್ಲಾ ಇದೆ" ಎಂದು ಬರೆದುಕೊಟ್ಟೆ. ಸರಕು ಶೀತಲಗೃಹದಲ್ಲಿ ನಿಂತಿತು. ಐದು ದಿನಗಳ ಮೇಲೆ ತಟ್ಟೆಗಳು ಒಂದೂ ಕಾಲನಿಯಿಲ್ಲದೆ ಹೊರಬಂದವು. ಮತ್ತೆ ಹೊಸ ಮಾದರಿ ತೆಗೆದು ಮಾಡಿದರೂ ಅದೇ ಫಲಿತಾಂಶ. ಹಸಿ ಸಿಗಡಿಯಲ್ಲಿ ಸಾಲ್ಮೊನೆಲ್ಲಾ ಇದ್ದಿರಬೇಕು, ಹಬೆಯಲ್ಲಿ ಅದು ಸತ್ತಿತ್ತು, ಅದರ ಅವಶೇಷ ಮಾತ್ರ ಉಳಿದಿತ್ತು. ನಾನು ಬರೆಯಬೇಕಾಗಿದ್ದದ್ದು "ಸಾಲ್ಮೊನೆಲ್ಲಾದ ಡಿಎನ್‌ಎ ಇದೆ" ಎಂದು. ಅಂದಿನಿಂದ ಶಾಖ ಕೊಟ್ಟ ಆಹಾರದ ನೇರ ಪಿಸಿಆರ್ ಫಲಿತಾಂಶವನ್ನು ಬೇರೊಂದು ಪರೀಕ್ಷೆಯ ಬೆಂಬಲವಿಲ್ಲದೆ ಸಹಿ ಹಾಕಿ ಕೊಡುವುದನ್ನು ಬಿಟ್ಟಿದ್ದೇನೆ.

ಸತ್ತದ್ದರ ಡಿಎನ್‌ಎಯನ್ನು ಮುಚ್ಚಿಹಾಕುವ ಬಣ್ಣ ಉಂಟಂತೆ. ಅದು ಹೇಗೆ ಕೆಲಸ ಮಾಡುತ್ತದೆ?

ಅದರ ಹೆಸರು ಪ್ರೊಪಿಡಿಯಂ ಮೊನೊಅಜೈಡ್. ಬೆಂಚಿನ ಮಾತಿನಲ್ಲಿ ಪಿಎಂಎ. ಪಿಸಿಆರ್ ಜೊತೆ ಇದರ ಬಳಕೆ 2006ರಲ್ಲಿ ಪ್ರಕಟವಾಯಿತು. ಇದರ ಅಣುವಿಗೆ ಜೀವಂತ ಬ್ಯಾಕ್ಟೀರಿಯಾದ ಗಟ್ಟಿ ಪೊರೆಯನ್ನು ದಾಟಲು ಆಗುವುದಿಲ್ಲ, ಸತ್ತದ್ದರ ಹರಿದ ಪೊರೆಯಲ್ಲಿ ಅದು ನುಸುಳಿ ಡಿಎನ್‌ಎ ಎಳೆಗಳ ನಡುವೆ ಕೂರುತ್ತದೆ. ಹತ್ತು ನಿಮಿಷ ಕತ್ತಲಲ್ಲಿಟ್ಟು, ಅನಂತರ ಕಾಲು ಗಂಟೆ ತೀಕ್ಷ್ಣ ಬೆಳಕು ಹಾಯಿಸಿದಾಗ ಅದು ಡಿಎನ್‌ಎಗೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ಡಿಎನ್‌ಎ ಪಿಸಿಆರ್‌ನಲ್ಲಿ ನಕಲಾಗುವುದಿಲ್ಲ. ದ್ರವದಲ್ಲಿ ಉಳಿದ ಬಣ್ಣ ಅದೇ ಬೆಳಕಿನಲ್ಲಿ ನೀರಿನೊಡನೆ ವರ್ತಿಸಿ ನಿಷ್ಕ್ರಿಯವಾಗುತ್ತದೆ, ಆದ್ದರಿಂದ ಮುಂದೆ ಜೀವಂತ ಕೋಶಗಳನ್ನು ಒಡೆದು ಡಿಎನ್‌ಎ ತೆಗೆಯುವಾಗ ಅದು ತೊಡಕಾಗುವುದಿಲ್ಲ.

ಮೊದಲು ಇದಕ್ಕೆ ಹ್ಯಾಲೊಜನ್ ದೀಪಗಳನ್ನು ಬಳಸುತ್ತಿದ್ದರು. ದೀಪದ ಕಾವಿಗೆ ಜೀವಂತ ಕೋಶಗಳೇ ಸಾಯದಂತೆ ನಳಿಕೆಗಳನ್ನು ಐಸ್ ಮೇಲೆ ಮಲಗಿಸಿ, ನಡುನಡುವೆ ಹೊರಳಿಸುತ್ತಾ ಕೂರಬೇಕಿತ್ತು. ಈಗ ನೀಲಿ ಎಲ್‌ಇಡಿಯ ಪುಟ್ಟ ಪೆಟ್ಟಿಗೆಗಳು ಬಂದಿವೆ.

ಫಲಿತಾಂಶ ಓದುವುದು ಹೀಗೆ. ಒಂದೇ ಮಾದರಿಯನ್ನು ಎರಡು ಭಾಗ ಮಾಡಿ, ಒಂದಕ್ಕೆ ಮಾತ್ರ ಪಿಎಂಎ ಹಾಕಬೇಕು. ಹಾಕದ ಭಾಗ ರಿಯಲ್‌ಟೈಮ್ ಪಿಸಿಆರ್‌ನಲ್ಲಿ 22ನೆಯ ಸುತ್ತಿನಲ್ಲಿ, ಹಾಕಿದ ಭಾಗ 32ನೆಯ ಸುತ್ತಿನಲ್ಲಿ ಕಂಡಿತು ಎಂದುಕೊಳ್ಳಿ. ಪ್ರತಿ ಸುತ್ತಿಗೂ ಡಿಎನ್‌ಎ ಇಮ್ಮಡಿಯಾಗುವುದರಿಂದ ಹತ್ತು ಸುತ್ತಿನ ವ್ಯತ್ಯಾಸವೆಂದರೆ ಸುಮಾರು ಸಾವಿರ ಪಟ್ಟು. ಅಂದರೆ ಸಾವಿರದಲ್ಲಿ ಒಂದರಷ್ಟಕ್ಕೆ ಮಾತ್ರ ಪೊರೆ ಗಟ್ಟಿಯಾಗಿ ಉಳಿದಿದೆ.

ಹಾಗಾದರೆ ಪಿಎಂಎ ಹಾಕಿದರೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ಪಿಎಂಎ ಪೊರೆಯನ್ನಷ್ಟೇ ನೋಡುತ್ತದೆ. ಮನೆಯ ನೀರಿನ ಫಿಲ್ಟರಿನಲ್ಲಿರುವ ಅತಿನೇರಳೆ ದೀಪ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಡಿಎನ್‌ಎಯನ್ನು ಕೆಡಿಸಿ. ಪೊರೆ ಹಾಗೆಯೇ ಇರುತ್ತದೆ, ಆದ್ದರಿಂದ ಇನ್ನೆಂದೂ ಬೆಳೆಯದ ಕೋಶವನ್ನೂ ಪಿಎಂಎ ಬದುಕಿದೆ ಎಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಎರಡನೆಯ ತೊಡಕು ಆಹಾರದ್ದೇ. ತೆಂಗಿನ ಹಾಲು ಹಾಕಿದ ಗಸಿಯಲ್ಲಿಯೋ ರುಬ್ಬಿದ ಮೀನಿನಲ್ಲಿಯೋ ಬೆಳಕು ಒಳಹೋಗದು, ಕೊಬ್ಬು ಮತ್ತು ಪ್ರೋಟೀನು ಬಣ್ಣವನ್ನು ಹೀರಿಕೊಳ್ಳುತ್ತವೆ. ಮೊದಲು ಸೋಸಿ, ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಬ್ಯಾಕ್ಟೀರಿಯಾಗಳನ್ನು ಪ್ರತ್ಯೇಕಿಸದೆ ಫಲವಿಲ್ಲ. ಸತ್ತ ಕೋಶಗಳು ವಿಪರೀತವಿದ್ದರೆ ಎಲ್ಲವನ್ನೂ ಮುಚ್ಚುವಷ್ಟು ಬಣ್ಣ ಸಾಲದೆ ಕೆಲವು ತಪ್ಪಿಸಿಕೊಳ್ಳುತ್ತವೆ. ಪಿಸಿಆರ್‌ಗೆ ಆರಿಸುವ ಡಿಎನ್‌ಎ ತುಣುಕು ಉದ್ದವಾಗಿದ್ದಷ್ಟೂ ಬಣ್ಣ ಅಂಟುವ ಸಾಧ್ಯತೆ ಹೆಚ್ಚುವುದರಿಂದ ತಪ್ಪಿಸಿಕೊಳ್ಳುವುದು ಕಡಿಮೆಯಾಗುತ್ತದೆ. ಇದಕ್ಕೂ ಮುಂಚೆ ಬಂದ ಇಎಂಎ ಎಂಬ ಸೋದರ ಬಣ್ಣ ಕೆಲವು ಜೀವಂತ ಕೋಶಗಳೊಳಗೂ ನುಗ್ಗುತ್ತಿತ್ತು. ಪಿಎಂಎ ಹೆಚ್ಚು ಬಳಕೆಗೆ ಬರಲು ಅದೂ ಒಂದು ಕಾರಣ.

ಒಂದು ಗಂಟೆಯಲ್ಲಿ ಫಲಿತಾಂಶ ಎಂದು ಕಂಪನಿಯವರು ಹೇಳುತ್ತಾರೆ. ನಿಜವಾ?

ಯಂತ್ರದ ಮಟ್ಟಿಗೆ ನಿಜ, ಆಹಾರದ ಮಟ್ಟಿಗೆ ಬಹಳ ಸಲ ಅಲ್ಲ. ನಿಯಮ ಕೇಳುವುದು 25 ಗ್ರಾಂ ಆಹಾರದಲ್ಲಿ ಒಂದೂ ಸಾಲ್ಮೊನೆಲ್ಲಾ ಇರಬಾರದು ಎಂದು. ಅಷ್ಟನ್ನು ದ್ರವದಲ್ಲಿ ಕಲಸಿದಾಗ ಒಟ್ಟು 250 ಮಿಲಿಲೀಟರ್ ಆಗುತ್ತದೆ. ಪಿಸಿಆರ್ ನಳಿಕೆಗೆ ಹೋಗುವುದು 5 ಮೈಕ್ರೊಲೀಟರ್, ಎಂದರೆ ಐವತ್ತು ಸಾವಿರದಲ್ಲಿ ಒಂದು ಪಾಲು. ಇಡೀ ದ್ರವದಲ್ಲಿ ಒಂದೇ ಕೋಶವಿದ್ದರೆ ಅದು ಆ ಹನಿಯಲ್ಲಿಯೇ ಸಿಗುವುದು ಮಲ್ಪೆ ಕಡಲಿನಲ್ಲಿ ಕಳೆದ ಉಂಗುರ ಬಲೆಗೆ ಬಿದ್ದಂತೆ. ಆದ್ದರಿಂದ ಎಷ್ಟೇ ವೇಗದ ಯಂತ್ರವಿದ್ದರೂ ಮೊದಲು ಕೋಶಗಳನ್ನು ಹಲವು ಗಂಟೆ ಬೆಳೆಸಿ ಹೆಚ್ಚಿಸಬೇಕು, ಅಥವಾ ಕಾಂತೀಯ ಮಣಿ ಮುಂತಾದ ಉಪಾಯಗಳಿಂದ ಸಾಂದ್ರಗೊಳಿಸಬೇಕು.

ಈ ಬೆಳೆಸುವ ಹಂತಕ್ಕೆ ಇನ್ನೊಂದು ಗುಣವೂ ಇದೆ: ಜೀವಂತವಾದದ್ದು ಮಾತ್ರ ಹೆಚ್ಚುತ್ತದೆ, ಸತ್ತದ್ದು ಇದ್ದಷ್ಟೇ ಇರುತ್ತದೆ. ಬೆಳೆಸುವ ಮೊದಲು ಒಮ್ಮೆ, ಎಂಟು-ಹತ್ತು ಗಂಟೆ ಬೆಳೆಸಿದ ಮೇಲೆ ಒಮ್ಮೆ ಪಿಸಿಆರ್ ಮಾಡಿ ಎರಡನ್ನೂ ಹೋಲಿಸಿದರೆ, ಯಾವ ಬಣ್ಣವೂ ಇಲ್ಲದೆ ಸಾವು-ಬದುಕಿನ ಉತ್ತರ ಅದೇ ದಿನ ಸಿಗುತ್ತದೆ. ಸಣ್ಣ ಪ್ರಯೋಗಾಲಯಗಳಿಗೆ ನಾನು ಮೊದಲು ಹೇಳುವುದು ಈ ದಾರಿಯನ್ನೇ. ಕಂಪನಿಯವರು ಬಂದಾಗ ಕೇಳಬೇಕಾದ ಪ್ರಶ್ನೆಯೂ ಒಂದೇ: ಆ ಒಂದು ಗಂಟೆ ಎಲ್ಲಿಂದ ಶುರುವಾಗುತ್ತದೆ?

ಗರ್ಭ ಪರೀಕ್ಷೆಯ ಪಟ್ಟಿಯಂಥದ್ದೂ ಬಂದಿದೆಯಲ್ಲ? ಲ್ಯಾಂಪ್ ಎಂದೂ ಕೇಳಿದ್ದೇನೆ.

ಪಟ್ಟಿಯಲ್ಲಿರುವ ಪ್ರತಿಕಾಯ ಬ್ಯಾಕ್ಟೀರಿಯಾದ ಹೊರಮೈಯನ್ನು ಗುರುತಿಸುತ್ತದೆ. ಹೊರಮೈ ಸತ್ತದ್ದಕ್ಕೂ ಇರುತ್ತದೆ. ಗೆರೆ ಮೂಡಲು ಸಾಮಾನ್ಯವಾಗಿ ಮಿಲಿಲೀಟರಿಗೆ ಲಕ್ಷದ ಆಸುಪಾಸಿನಲ್ಲಿ ಕೋಶಗಳು ಬೇಕಾಗುವುದರಿಂದ ಬೆಳೆಸುವುದಂತೂ ತಪ್ಪದು. ಲ್ಯಾಂಪ್ ಎಂಬುದು 2000ದಲ್ಲಿ ಜಪಾನಿನಿಂದ ಬಂದ ಡಿಎನ್‌ಎ ವಿಧಾನ. ಸುಮಾರು 60ರಿಂದ 65 ಡಿಗ್ರಿಯ ಒಂದೇ ಶಾಖದಲ್ಲಿ ಗಂಟೆಯೊಳಗೆ ಮುಗಿಯುತ್ತದೆ, ದುಬಾರಿ ಯಂತ್ರ ಬೇಡ. ಸತ್ತದ್ದನ್ನೂ ಎಣಿಸುವ ದೋಷ ಪಿಸಿಆರ್‌ನಂತೆಯೇ ಇದಕ್ಕೂ ಇದೆ, ಪಿಎಂಎಯ ಪರಿಹಾರವೂ ಇದಕ್ಕೆ ಒದಗುತ್ತದೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಬದುಕಿದ್ದೂ ತಟ್ಟೆಯಲ್ಲಿ ಬೆಳೆಯದ ಬ್ಯಾಕ್ಟೀರಿಯಾ ಇದೆ ಎನ್ನುತ್ತಾರೆ. ಹಾಗಾದರೆ ತಟ್ಟೆಯನ್ನು ಹೇಗೆ ನಂಬುವುದು?

1982ರಲ್ಲಿ ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಅವರ ತಂಡ ಕಾಲರಾ ವಿಬ್ರಿಯೊ ಮತ್ತು ಇ. ಕೋಲೈಗಳಲ್ಲಿ ಈ ಸ್ಥಿತಿಯನ್ನು ತೋರಿಸಿಕೊಟ್ಟಿತು. ಚಳಿ, ಹಸಿವು ಅಥವಾ ಉಪ್ಪಿನ ಏರುಪೇರಿಗೆ ಸಿಕ್ಕಿದ ಕೋಶ ತನ್ನ ವ್ಯವಹಾರವನ್ನೆಲ್ಲ ಕುಗ್ಗಿಸಿ, ತಟ್ಟೆಯ ಮೇಲೆ ಬೆಳೆಯಲು ನಿರಾಕರಿಸುತ್ತದೆ. ಪೊರೆ ಗಟ್ಟಿಯಾಗಿರುತ್ತದೆ, ಸ್ವಲ್ಪ ಉಸಿರಾಟವೂ ಇರುತ್ತದೆ. ವಿಬ್ರಿಯೊ ವಲ್ನಿಫಿಕಸ್ 5 ಡಿಗ್ರಿಯ ಚಳಿಯಲ್ಲಿ ಹೀಗಾಗುತ್ತದೆ, ಬೆಚ್ಚಗಾದಾಗ ಮತ್ತೆ ಎಚ್ಚರಗೊಳ್ಳಬಲ್ಲದು. ಐಸಿನಲ್ಲಿಟ್ಟ ಮೀನು, ಚಿಪ್ಪುಗಳನ್ನು ಪರೀಕ್ಷಿಸುವ ನಮ್ಮಂಥವರಿಗೆ ಇದು ತಲೆನೋವಿನ ವಿಷಯ. ಇಲ್ಲಿ ತಟ್ಟೆಯ ಎಣಿಕೆ ವಾಸ್ತವಕ್ಕಿಂತ ಕಡಿಮೆ ಬರುತ್ತದೆ, ಸಾದಾ ಪಿಸಿಆರ್ ಎಣಿಕೆ ಹೆಚ್ಚು ಬರುತ್ತದೆ, ಪಿಎಂಎ ಹಾಕಿದ ಎಣಿಕೆ ನಡುವೆ ನಿಲ್ಲುತ್ತದೆ. ಮೂರನ್ನೂ ಒಟ್ಟಿಗಿಟ್ಟು ನೋಡಿದಾಗಲೇ ಚಿತ್ರ ಸ್ಪಷ್ಟವಾಗುತ್ತದೆ.

ಸ್ಪೋರ್ ಜೀವಂತವಾ, ಸತ್ತದ್ದಾ?

ನಿದ್ರಿಸುತ್ತಿರುವ ಜೀವ. ಉಸಿರಾಟ ಕೇಳಿದರೆ ಇಲ್ಲವೆನ್ನುತ್ತದೆ, ಎಟಿಪಿ ಕೇಳಿದರೆ ತೀರ ಕಡಿಮೆ ಎನ್ನುತ್ತದೆ, ಬಣ್ಣವನ್ನು ಒಳಗೆ ಬಿಡುವುದಿಲ್ಲ. ಮೊಳೆಯುವಂತೆ ಮಾಡಿ ನೋಡುವುದೇ ನೇರವಾದ ಪರೀಕ್ಷೆ. ಡಬ್ಬಿ ಮೀನನ್ನು 121 ಡಿಗ್ರಿಯ ಒತ್ತಡದ ಹಬೆಯಲ್ಲಿ ಕಾಯಿಸುವುದು ಬಾಟುಲಿಸಂ ಎಂಬ ಮಾರಕ ವಿಷಬಾಧೆ ತರುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಸ್ಪೋರ್‌ಗಳಿಗಾಗಿ.

ಡಿಎನ್‌ಎ ಬಿಟ್ಟು ಆರ್‌ಎನ್‌ಎ ನೋಡಿದರೆ ಆಗದಾ?

ಒಳ್ಳೆಯ ಯೋಚನೆ. ಸಂದೇಶವಾಹಕ ಆರ್‌ಎನ್‌ಎ ಕೋಶದಲ್ಲಿ ನಿಮಿಷಗಳ ಲೆಕ್ಕದಲ್ಲಿ ಹುಟ್ಟಿ ಒಡೆಯುತ್ತಿರುತ್ತದೆ, ಆದ್ದರಿಂದ ಅದು ಸಿಕ್ಕಿತೆಂದರೆ ಇತ್ತೀಚಿನವರೆಗೆ ಜೀವವಿತ್ತು ಎಂದು ಅರ್ಥ. ಕಷ್ಟವೂ ಆ ಗುಣದಿಂದಲೇ ಬರುತ್ತದೆ: ಮಾದರಿಯನ್ನು ಧಕ್ಕೆಯಿಂದ ಪ್ರಯೋಗಾಲಯಕ್ಕೆ ತರುವಷ್ಟರಲ್ಲಿ ಅದು ಕರಗಬಹುದು, ಕೈಬೆವರಿನ ಕಿಣ್ವ ತಾಗಿದರೂ ಹೋಗುತ್ತದೆ. ಶಾಖದಿಂದ ಸತ್ತ ಕೋಶಗಳಲ್ಲಿ ಕೆಲವು ಆರ್‌ಎನ್‌ಎ ನಿರೀಕ್ಷೆಗಿಂತ ಹೆಚ್ಚು ಹೊತ್ತು ಉಳಿಯುವುದೂ ಉಂಟು.

ಹಸಿರು ಜೀವಂತ, ಕೆಂಪು ಸತ್ತದ್ದು ಎಂದು ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತಾರಲ್ಲ?

ಸಿಟೊ 9 ಎಂಬ ಹಸಿರು ಬಣ್ಣ ಎಲ್ಲ ಕೋಶಗಳಿಗೂ ಹೋಗುತ್ತದೆ. ಪ್ರೊಪಿಡಿಯಂ ಅಯೊಡೈಡ್ ಎಂಬ ಕೆಂಪು ಬಣ್ಣ ಪೊರೆ ಹರಿದವಕ್ಕೆ ಮಾತ್ರ ಹೋಗಿ ಹಸಿರನ್ನು ಅಡಗಿಸುತ್ತದೆ. ನೋಡಲು ಚಂದ, ಪಾಠಕ್ಕೆ ಉತ್ತಮ. ಆದರೆ ಮೊದಲ ಸಲ ನೋಡುವ ವಿದ್ಯಾರ್ಥಿಗಳು ಕಿತ್ತಳೆ ಬಣ್ಣದ ಕೋಶ ಕಂಡು ತಬ್ಬಿಬ್ಬಾಗುತ್ತಾರೆ. ಅವು ಗಾಯಗೊಂಡವು, ಸಾಯಲೂಬಹುದು, ಚೇತರಿಸಿಕೊಳ್ಳಲೂಬಹುದು. ಇದೇ ಬಣ್ಣಗಳನ್ನು, ಕೋಶಗಳನ್ನು ಒಂದೊಂದಾಗಿ ಬೆಳಕಿನ ಮುಂದೆ ಹಾಯಿಸುವ ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಬಳಸಿದರೆ ಸೆಕೆಂಡಿಗೆ ಸಾವಿರಾರು ಕೋಶಗಳನ್ನು ಎಣಿಸಬಹುದು, ನೀರಿನಂಥ ತಿಳಿ ಮಾದರಿಗಳಿಗೆ ಅದು ಬಹಳ ಒಪ್ಪುತ್ತದೆ.

ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್ಸಿನಿಂದ ಪತ್ತೆ ಮಾಡುತ್ತಾರಂತೆ, ಹೌದಾ?

ಹೌದು. ಬ್ಯಾಕ್ಟೀರಿಯೊಫೇಜ್ ಎಂಬ ಈ ವೈರಸ್ಸುಗಳಿಗೆ ತಮ್ಮ ಸಂತಾನ ಬೆಳೆಸಲು ಜೀವಂತ ಕೋಶದ ಯಂತ್ರಾಂಗವೇ ಬೇಕು, ಸತ್ತದ್ದರಲ್ಲಿ ಅವು ಏನೂ ಮಾಡಲಾರವು. ಫೇಜ್‌ಗೆ ಲೂಸಿಫರೇಸ್ ಜೀನ್ ಸೇರಿಸಿದರೆ, ಅದು ಹೊಕ್ಕ ಜೀವಂತ ರೋಗಾಣು ತಾನೇ ಬೆಳಕು ಸೂಸಿ ಸಿಕ್ಕಿಬೀಳುತ್ತದೆ. ಯಾರು ಮತ್ತು ಬದುಕಿದೆಯೇ ಎಂಬ ಎರಡು ಪ್ರಶ್ನೆಗಳಿಗೂ ಒಟ್ಟಿಗೆ ಉತ್ತರ ಕೊಡುವುದರಿಂದ ಇದು ನನಗೆ ಬಹಳ ಇಷ್ಟವಾದ ವಿಧಾನ. ಒಂದೇ ಕೊರತೆ, ಫೇಜ್ ತನಗೆ ಒಗ್ಗಿದ ತಳಿಗಳನ್ನು ಮಾತ್ರ ಹಿಡಿಯುತ್ತದೆ.

ಶೀಘ್ರ ಪರೀಕ್ಷೆಯ ವರದಿಯನ್ನು ಕಾನೂನು ಒಪ್ಪುತ್ತದಾ? ಗ್ರಾಹಕರು ತಾವೇ ಮಾಡಿಸಬಹುದಾ?

ಹೊಸ ವಿಧಾನವು ಹಳೆಯ ತಟ್ಟೆ ವಿಧಾನಕ್ಕೆ ಸಮವಾಗಿದೆ ಎಂದು ಹೋಲಿಸಿ ತೋರಿಸಬೇಕು. ಅದರ ಅಂತರರಾಷ್ಟ್ರೀಯ ಕ್ರಮ ಐಎಸ್‌ಒ 16140. ಕಾರ್ಖಾನೆಯ ಒಳಗಿನ ತಪಾಸಣೆಗೆ ಶೀಘ್ರ ವಿಧಾನ ಸಾಕು, ವ್ಯಾಜ್ಯಕ್ಕೆ ಹೋಗುವ ಮಾತಾದರೆ ತಟ್ಟೆಯ ದೃಢೀಕರಣ ಇಟ್ಟುಕೊಳ್ಳುವುದು ಕ್ಷೇಮ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೆಯ ಕಲಮಿನ ಪ್ರಕಾರ ಗ್ರಾಹಕರು ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆದರೆ ಕೊಳ್ಳುವಾಗಲೇ ಅಂಗಡಿಯವರಿಗೆ ಹಾಗೆಂದು ತಿಳಿಸಿರಬೇಕು. ವಿಶ್ಲೇಷಕರಿಗೆ ವರದಿ ಕೊಡಲು 46ನೆಯ ಕಲಮು 14 ದಿನಗಳ ಅವಧಿ ಇಟ್ಟಿದೆ.

ಎಂ.ಎಸ್ಸಿ. ಪ್ರಾಜೆಕ್ಟಿಗೆ ಪಿಎಂಎ ಪಿಸಿಆರ್ ಮಾಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಆಹಾರವನ್ನು ಮುಟ್ಟುವ ಮೊದಲು ಶುದ್ಧ ಬ್ಯಾಕ್ಟೀರಿಯಾದಿಂದ ಶುರು ಮಾಡಿ. ಒಂದೇ ನಳಿಕೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದ ಅರ್ಧವನ್ನು ಶಾಖದಿಂದ ಕೊಂದು, ಜೀವಂತದೊಡನೆ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ. ಪೂರ್ತಿ ಜೀವಂತ, ಪೂರ್ತಿ ಸತ್ತದ್ದು, ನಡುವಿನ ನಾಲ್ಕೈದು ಮಿಶ್ರಣ. ನಿಮ್ಮ ಅಂಕಿಗಳು ಬೆರೆಸಿದ ಪ್ರಮಾಣಕ್ಕೆ ಸರಿಹೊಂದಿದ ಮೇಲೆ ಮಾತ್ರ ಬೂತಾಯಿಯ ಅರೆದ ಮಾಂಸಕ್ಕೆ ಕೈಹಾಕಿ, ಅಲ್ಲಿ ಅಂಕಿಗಳು ಖಂಡಿತ ಕೆಡುತ್ತವೆ, ಕೆಟ್ಟದ್ದನ್ನು ಸರಿಪಡಿಸುವುದೇ ನಿಮ್ಮ ಪ್ರಾಜೆಕ್ಟು. ಪಿಎಂಎ ಬಾಟಲಿಯನ್ನು ಕಿಟಕಿಯ ಬೆಳಕಿನಿಂದ ದೂರವಿಡಿ, ಅಲ್ಯುಮಿನಿಯಂ ಹಾಳೆ ಸುತ್ತಿಡಿ. ಕೊಂದಿದ್ದೇನೆ ಎಂದುಕೊಂಡ ಅರ್ಧವನ್ನೂ ಒಂದು ತಟ್ಟೆಯ ಮೇಲೆ ಹರಡಿ ಬೆಚ್ಚಗಿಡಿ, ಮರುದಿನ ಬೆಳಿಗ್ಗೆ ಮೊದಲು ಆ ತಟ್ಟೆಯನ್ನೇ ನೋಡಿ. ಒಂದು ಕಾಲನಿ ಕಂಡರೂ ಹಿಂದಿನ ದಿನದ ಅಂಕಿಗಳನ್ನು ಬಿಟ್ಟು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.